ಗಾಲಿಯ ವಾಲು: ರಾಯಚೂರಿನ ಕಲ್ಲುಬಂಡಿಯಿಂದ ತಗ್ಗಿಸಿದ ಮೋಟಾರು ಕಾರಿನವರೆಗೆ

ವಾಹನಗಳ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಎಂಜಿನ್ನಿನಿಂದಲೇ ಆರಂಭಿಸುತ್ತಾರೆ. ಎಳೆಯುವ ಶಕ್ತಿ ಎತ್ತಿನಿಂದ ಉಗಿಗೆ, ಉಗಿಯಿಂದ ಪೆಟ್ರೋಲಿಗೆ ಬದಲಾದ ಕಥೆ ರೋಚಕವಾದುದೇ ಸರಿ. ಆದರೆ ಗಾಲಿಯು ನೆಲದ ಮೇಲೆ ಯಾವ ಕೋನದಲ್ಲಿ ನಿಲ್ಲಬೇಕು, ನೆಟ್ಟಗೋ ಹೊರವಾಲಾಗಿಯೋ ಒಳವಾಲಾಗಿಯೋ ಎಂಬ ಪ್ರಶ್ನೆ ಎಂಜಿನ್ನಿಗಿಂತ ಬಹಳ ಹಳೆಯದು; ಎಂಜಿನ್ನು ಬಂದ ಮೇಲೂ ಅದು ತೀರಲಿಲ್ಲ. ಇಂದು ನಗರಗಳ ತರುಣರು ಕಾರಿನ ಸ್ಪ್ರಿಂಗುಗಳನ್ನು ಬದಲಿಸಿ ಅದರ ಎತ್ತರವನ್ನು ತಗ್ಗಿಸುತ್ತಾರೆ. ಕೆಲವು ಸಾವಿರ ಕಿಲೋಮೀಟರು ಓಡಿದೊಡನೆ ಟೈರಿನ ಒಳ ಅಂಚು ಸವೆದುಹೋದುದನ್ನು ಕಂಡು ಬೆರಗಾಗುತ್ತಾರೆ. ಇದನ್ನು ಹೊಸ ಕಾಲದ ತೊಡಕೆಂದು ಭಾವಿಸುವುದು ವಾಡಿಕೆ. ವಾಸ್ತವದಲ್ಲಿ ಇದು ಬಡಿಗನ ಮನೆಯಂಗಳದಲ್ಲಿ ಆರಂಭವಾದ ಚರಿತ್ರೆಯೊಂದರ ಮುಂದುವರಿದ ಭಾಗವೆಂಬುದು ಈ ಲೇಖನದ ಪ್ರತಿಪಾದನೆ.

ಈ ಚರಿತ್ರೆಯನ್ನು ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಯಿಂದ ನೋಡುವುದಕ್ಕೆ ಕಾರಣವಿದೆ. ಯಾಪಲದಿನ್ನಿಯಂಥ ಊರಿನ ಹೆಸರಿನಲ್ಲಿಯೇ ಈ ನೆಲದ ಸ್ವರೂಪ ಅಡಗಿದೆ. ದಿನ್ನಿ ಎಂದರೆ ದಿಣ್ಣೆ. ಯಾಪ ಎಂಬುದು ತೆಲಂಗಾಣದ ಆಡುಮಾತಿನಲ್ಲಿ ಬೇವಿನ ಮರದ ಹೆಸರು. ಬೇವುಗಳ ದಿಣ್ಣೆ ಎಂಬ ಅರ್ಥವನ್ನು ಊಹಿಸಬಹುದು. ಎರಡು ಭಾಷೆಗಳು ಬೆರೆತ ಈ ಸೀಮೆಯಲ್ಲಿ ದಿಣ್ಣೆಯಿಂದ ಇಳಿದರೆ ಎರೆಭೂಮಿ. ಮಳೆ ಬಿದ್ದರೆ ಗಾಲಿಯನ್ನು ನುಂಗುವ, ಒಣಗಿದರೆ ಬಂಡಿಜಾಡನ್ನು ಕಲ್ಲಿನಂತೆ ಗಟ್ಟಿಮಾಡಿ ಹಿಡಿಯುವ ಈ ಮಣ್ಣೇ ಇಲ್ಲಿಯ ಗಾಲಿಗಳ ಮೊದಲ ಪರೀಕ್ಷಕ.

ರಾಯಚೂರಿನ ಕೋಟೆಯಲ್ಲಿ ಇದಕ್ಕೆ ಅಪೂರ್ವವಾದ ಸಾಕ್ಷ್ಯವೊಂದಿದೆ. ಕಾಕತೀಯರ ಸಾಮಂತನಾದ ಗೋರೆ ಗನ್ನಯ ರೆಡ್ಡಿಯ ಅಧಿಕಾರಿ ವಿಠ್ಠಲನಾಥನು ಕ್ರಿ. ಶ. 1294ರಲ್ಲಿ ಈ ಕೋಟೆಯನ್ನು ಕಟ್ಟಿಸಿದನೆಂದು ಅಲ್ಲಿಯ ಶಾಸನ ತಿಳಿಸುತ್ತದೆ. ಆ ಶಾಸನವಿರುವ ಕಲ್ಲು 41 ಅಡಿಗೂ ಮಿಕ್ಕಿದ ಉದ್ದದ್ದು. ಅಂಥ ಬಂಡೆಯನ್ನು ಕ್ವಾರಿಯಿಂದ ಹೇಗೆ ತಂದರೆಂಬ ಪ್ರಶ್ನೆಗೆ ಕಟ್ಟಿದವರೇ ಉತ್ತರ ಬರೆದಿಟ್ಟಿದ್ದಾರೆ. ಪಶ್ಚಿಮದ ಗೋಡೆಯ ನುಣುಪಾದ ಕಲ್ಲೊಂದರ ಮೇಲೆ ಆ ಸಾಗಾಟದ ರೇಖಾಚಿತ್ರವನ್ನು ಕೊರೆಯಲಾಗಿದೆ: ಇಡಿಮರದ ಗಾಲಿಗಳ ಬಂಡಿ, ಅದನ್ನೆಳೆಯುವ ಕೋಣಗಳ ಉದ್ದನೆಯ ಸಾಲು, ನಡುನಡುವೆ ನಿಂತು ಹುರಿದುಂಬಿಸುವ ಆಳುಗಳು, ಹಿಂದಿನಿಂದ ಗಾಲಿಗಳಿಗೆ ಸನ್ನೆಗೋಲು ಕೊಡುವವರು. ಶಾಸನಕಾರರು ದಾನದ ಗದ್ದೆಯ ಎಲ್ಲೆಗಳನ್ನು ವಿಸ್ತಾರವಾಗಿ ಬಣ್ಣಿಸುವರೇ ಹೊರತು ಕೂಲಿಯವರ ಕೆಲಸವನ್ನು ದಾಖಲಿಸುವುದು ತೀರ ವಿರಳ. ಆದುದರಿಂದ ತಂತ್ರವಿದ್ಯೆಯ ಚರಿತ್ರಕಾರನಿಗೆ ಈ ಚಿತ್ರವು ಶಾಸನದ ಅಕ್ಷರಗಳಿಗಿಂತ ಹೆಚ್ಚು ಬೆಲೆಯುಳ್ಳದ್ದು.

ಚಿತ್ರದಲ್ಲಿ ಗಮನಿಸಬೇಕಾದುದು ಸನ್ನೆಗೋಲು. ಇಡಿಮರದ ಗಾಲಿಗೆ ಅರಗಳಿಲ್ಲ. ಅದು ಭಾರವನ್ನು ಹೊರುತ್ತದೆ, ಆದರೆ ತಾನಾಗಿ ತಿರುವನ್ನು ಹಿಡಿಯದು. ಜಾಡು ತಪ್ಪಿದಾಗ ಅದನ್ನು ಮನುಷ್ಯಬಲದಿಂದಲೇ ಸರಿಪಡಿಸಬೇಕು. ಸನ್ನೆಗೋಲಿನವರ ಕೆಲಸ ಕೇವಲ ನೂಕುವುದಲ್ಲ, ಗಾಲಿಯನ್ನು ನೇರಕ್ಕೆ ತರುವುದೂ ಆಗಿದ್ದಿರಬೇಕೆಂದು ನನ್ನ ಅಭಿಪ್ರಾಯ. ಇಂದಿನ ‘ವೀಲ್ ಅಲೈನ್‌ಮೆಂಟ್’ ಎಂಬ ಮಾತಿಗೆ ನಮ್ಮ ಸೀಮೆಯಲ್ಲಿ ಇದಕ್ಕಿಂತ ಹಳೆಯ ಚಿತ್ರ ನನ್ನ ಕಣ್ಣಿಗೆ ಬಿದ್ದಿಲ್ಲ.

ಅರಗಾಲಿಯ ವಿಷಯ ಬೇರೆ. ಯುರೋಪಿನ ಬಂಡಿಬಡಿಗರು ಅರಗಳನ್ನು ಗುಂಬದಲ್ಲಿ ನೆಟ್ಟಗೆ ನಿಲ್ಲಿಸದೆ ಹೊರಕ್ಕೆ ತುಸು ವಾಲಿಸಿ, ಗಾಲಿಗೆ ತಟ್ಟೆಯಂಥ ಆಕಾರ ಕೊಡುತ್ತಿದ್ದರು. ಕಾಯಿಸಿದ ಕಬ್ಬಿಣದ ಪಟ್ಟಿ ತಣಿಯುತ್ತ ಬಿಗಿದುಕೊಂಡಾಗ ಆ ತಗ್ಗು ಇನ್ನಷ್ಟು ಗಟ್ಟಿಗೊಳ್ಳುತ್ತಿತ್ತು. ಇದರ ಕಾರಣವನ್ನು ಜಾರ್ಜ್ ಸ್ಟರ್ಟ್ ಎಂಬವರು 1923ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಕುದುರೆ ಹೆಜ್ಜೆಹೆಜ್ಜೆಗೂ ಎಡಬಲಕ್ಕೆ ತೂಗುತ್ತದೆ. ಆ ತೂಗಾಟದಲ್ಲಿ ಹೇರು ಗಾಲಿಯನ್ನು ಪಕ್ಕಕ್ಕೆ ಒತ್ತುತ್ತದೆ. ತಟ್ಟೆಯಾಕಾರದ ಗಾಲಿ ಆ ಒತ್ತಡವನ್ನು ತಡೆಯುತ್ತದೆ. ಆದರೆ ಭಾರ ಹೊರುವ ಕೆಳಗಿನ ಅರ ನೆಲಕ್ಕೆ ಲಂಬವಾಗಿರಬೇಕಾದರೆ ಅಚ್ಚಿನ ತುದಿಯನ್ನು ಕೆಳಕ್ಕೆ ಬಾಗಿಸಬೇಕು. ಆಗ ಗಾಲಿಯ ಮೇಲ್ಭಾಗ ಹೊರಕ್ಕೆ ವಾಲುತ್ತದೆ. ಮೋಟಾರಿನವರು ಮುಂದೆ ‘ಪಾಸಿಟಿವ್ ಕ್ಯಾಂಬರ್’ ಎಂದು ಕರೆದದ್ದು ಇದನ್ನೇ.

ವಾಲಿದ ಗಾಲಿಗೆ ಒಂದು ಗುಣವಿದೆ. ಅದು ನೆಲದ ಮೇಲೆ ಶಂಕುವಿನಂತೆ ಉರುಳುತ್ತ, ವಾಲಿದ ಕಡೆಗೇ ತಿರುಗಲು ಹವಣಿಸುತ್ತದೆ. ಹೊರವಾಲಿನ ಎರಡು ಗಾಲಿಗಳು ಪರಸ್ಪರ ದೂರ ಸರಿಯಬಯಸುವುದರಿಂದ ಅವುಗಳ ಮುಂಭಾಗವನ್ನು ಕೊಂಚ ಒಳಕ್ಕೆ ಹಿಡಿಯುವುದು ರೂಢಿಗೆ ಬಂದಿತು. ಇದೇ ‘ಟೋ-ಇನ್’. ವಾಲು ಮತ್ತು ಟೋ ಹೀಗೆ ಹುಟ್ಟಿನಿಂದಲೇ ಜೋಡಿ. ಒಂದನ್ನು ಬದಲಿಸಿ ಇನ್ನೊಂದನ್ನು ಮರೆಯುವುದೇ ತಗ್ಗಿಸಿದ ಕಾರಿನ ಅನರ್ಥಕ್ಕೆ ಮೂಲ.

ತಿರುವಿನ ಸಮಸ್ಯೆಗೆ ಮ್ಯೂನಿಕ್ ನಗರದ ಲಾಂಕೆನ್‌ಸ್ಪರ್ಗರ್ ಎಂಬ ಗಾಡಿತಯಾರಕನು ಕಂಡುಕೊಂಡ ಪರಿಹಾರಕ್ಕೆ 1818ರಲ್ಲಿ ಲಂಡನ್ನಿನಲ್ಲಿ ಪೇಟೆಂಟು ಪಡೆದವನು ರುಡಾಲ್ಫ್ ಆಕರ್ಮನ್. ಹೆಸರು ಉಳಿದದ್ದೂ ಅವನದೇ. ಇಡೀ ಅಚ್ಚನ್ನು ತಿರುಗಿಸದೆ ಎರಡು ಮುಂಗಾಲಿಗಳನ್ನು ಬೇರೆಬೇರೆ ಕೀಲುಗಳ ಮೇಲೆ ತಿರುಗಿಸುವ ವಿಧಾನವದು. ಕಾರ್ಲ್ ಬೆಂಜ್‌ನ 1886ರ ವಾಹನಕ್ಕೆ ಮೂರೇ ಗಾಲಿಗಳಿದ್ದವು. ಗಾಲಿಗಳನ್ನು ಹೀಗೆ ತಿರುಗಿಸುವ ಏರ್ಪಾಡಿಗೆ ಅವನು 1893ರಲ್ಲಿ ಪೇಟೆಂಟು ಪಡೆದ ಮೇಲೆಯೇ ಅವನ ನಾಲ್ಕು ಗಾಲಿಯ ಕಾರು ಬಂದಿತು. ಆದಿಕಾಲದ ಕಾರುಗಳು ಗಾಡಿಯ ಹೊರವಾಲನ್ನು ಹಾಗೆಯೇ ಉಳಿಸಿಕೊಂಡವು. ನಡು ಉಬ್ಬಿದ ರಸ್ತೆಗೆ ಅದು ಹೊಂದುತ್ತಿತ್ತು, ಸ್ಟಿಯರಿಂಗ್ ಚಕ್ರವೂ ಹಗುರವಾಗುತ್ತಿತ್ತು.

ರಾಯಚೂರು ಆಗ ನಿಜಾಮರ ಆಳ್ವಿಕೆಯಲ್ಲಿದ್ದಿತು. 1871ರಲ್ಲಿಯೇ ಮುಂಬಯಿ ಮತ್ತು ಮದರಾಸಿನ ರೈಲುಹಾದಿಗಳು ಇಲ್ಲಿ ಕೂಡಿಕೊಂಡಿದ್ದವು. ನಿಜಾಮರ ರೈಲ್ವೆಯು 1932ರಲ್ಲಿ 27 ಬಸ್ಸುಗಳೊಡನೆ ರಸ್ತೆಸಾರಿಗೆಯನ್ನು ಆರಂಭಿಸಿತು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯವನ್ನು ಸೇರಿತು. ಆ ಕಾಲದ ಬಸ್ಸುಗಳ ಮುಂಭಾಗದಲ್ಲಿ ಅಡ್ಡಲಾಗಿದ್ದುದು ಒಂದೇ ಗಟ್ಟಿ ಅಚ್ಚು. ಬಹುಪಾಲು ಲಾರಿಗಳಲ್ಲಿ ಇಂದಿಗೂ ಅದೇ. ಇಂಥ ವಾಹನವನ್ನು ಎರಡು ಬದಿಯಲ್ಲಿಯೂ ಸಮನಾಗಿ ತಗ್ಗಿಸಿದರೂ ಗಾಲಿಯ ವಾಲು ಬದಲಾಗುವುದಿಲ್ಲ. ಈ ಒಂದು ದೃಷ್ಟಿಯಿಂದ ಅದು ಎತ್ತಿನ ಬಂಡಿಯ ನೇರ ಸಂತಾನ.

ಒಂದೊಂದು ಗಾಲಿಯೂ ಸ್ವತಂತ್ರವಾಗಿ ಏರಿಳಿಯುವ ಸಸ್ಪೆನ್ಶನ್ ಬಂದಾಗ ಈ ಸ್ಥಿತಿ ಬದಲಾಯಿತು. 1922ರ ಲಾನ್ಸಿಯಾ ಲಾಂಬ್ಡಾ, 1934ರ ಜನರಲ್ ಮೋಟಾರ್ಸ್ ಕಾರುಗಳು, 1950ರ ಸುಮಾರಿಗೆ ಮ್ಯಾಕ್‌ಫರ್ಸನ್ ಸ್ಟ್ರಟ್ಟಿನೊಡನೆ ಬಂದ ಫೋರ್ಡ್ ಕಾನ್ಸಲ್ ಈ ಹಾದಿಯ ಮೈಲಿಗಲ್ಲುಗಳು. 1983ರ ಡಿಸೆಂಬರಿನಲ್ಲಿ ಹೊರಬಂದ ಮಾರುತಿ 800 ಈ ಸ್ಟ್ರಟ್ಟನ್ನು ನಮ್ಮ ಮಧ್ಯಮವರ್ಗದ ಮನೆಬಾಗಿಲಿಗೆ ತಂದಿತು. ಇಲ್ಲಿ ಗಾಲಿಯನ್ನು ಹಿಡಿದಿರುವ ಕೆಳತೋಳು ಒಂದು ಕಮಾನಿನಲ್ಲಿ ಚಲಿಸುತ್ತದೆ. ಗಾಲಿಯನ್ನು ತಿರುಗಿಸುವ ಟೈರಾಡು ಮತ್ತೊಂದು ಕಮಾನಿನಲ್ಲಿ. ತಯಾರಕನು ನಿಶ್ಚಯಿಸಿದ ಎತ್ತರದಲ್ಲಿ ಇವೆರಡಕ್ಕೂ ಹೊಂದಾಣಿಕೆಯಿರುತ್ತದೆ. ಕಾರನ್ನು ತಗ್ಗಿಸಿದೊಡನೆ ಸಾಮಾನ್ಯವಾಗಿ ಗಾಲಿಯ ತಲೆ ಒಳಕ್ಕೆ ವಾಲುತ್ತದೆ. ಟೈರಾಡು ಇರುವ ಸ್ಥಾನವನ್ನನುಸರಿಸಿ ಟೋ ಒಳಕ್ಕೋ ಹೊರಕ್ಕೋ ಸರಿಯುತ್ತದೆ.

ಟೈರು ಸವೆದಾಗ ಎಲ್ಲರೂ ಕ್ಯಾಂಬರನ್ನು ಶಪಿಸುತ್ತಾರೆ, ಏಕೆಂದರೆ ಅದು ಕಣ್ಣಿಗೆ ಕಾಣುತ್ತದೆ. ನಿಜವಾದ ಅಪರಾಧಿ ಬಹುಮಟ್ಟಿಗೆ ಟೋ. ಗಾಲಿಯು ಓಟದ ದಿಕ್ಕಿನಿಂದ ಅರ್ಧ ಡಿಗ್ರಿ ತಿರುಗಿದ್ದರೆ ಪ್ರತಿ ಕಿಲೋಮೀಟರಿಗೆ ಸುಮಾರು 8.7 ಮೀಟರು, ನೂರು ಕಿಲೋಮೀಟರಿಗೆ 870 ಮೀಟರು ಅಡ್ಡಲಾಗಿ ಉಜ್ಜಲ್ಪಡುತ್ತದೆಂದು ಸರಳ ತ್ರಿಕೋನಮಿತಿಯೇ ಹೇಳುತ್ತದೆ. ಒಳವಾಲಾದ ಗಾಲಿಯಲ್ಲಿ ಈ ಉಜ್ಜಾಟವೆಲ್ಲ ಒಳ ಅಂಚಿನ ಪಾಲಿಗೆ ಬೀಳುತ್ತದೆ. ಆದಕಾರಣ ಬಲ್ಲ ಕೆಲಸಗಾರನು ಹೊಸ ಸ್ಪ್ರಿಂಗುಗಳು ಕೆಲವು ದಿನ ಓಡಿ ಕುಳಿತ ಮೇಲೆಯೇ ಅಳತೆಗೆ ತೊಡಗುತ್ತಾನೆ. ಟೈರಿನ ಗಾಳಿಯನ್ನೂ ಕೀಲುಗಳ ಸಡಿಲನ್ನೂ ನೋಡಿ, ಮೊದಲು ಕ್ಯಾಂಬರನ್ನು ವಿಶೇಷ ಬೋಲ್ಟುಗಳಿಂದ ಸರಿಪಡಿಸಿ, ಟೋವನ್ನು ಕೊನೆಗೆ ಹೊಂದಿಸುತ್ತಾನೆ. ಈ ಕ್ರಮವನ್ನು ತಿರುಗಿಸಿದರೆ ಶ್ರಮ ವ್ಯರ್ಥ. ಕ್ಯಾಂಬರು ಕದಲಿದರೆ ಟೋ ಮತ್ತೆ ಕದಲುತ್ತದೆ.

ಪಂದ್ಯದ ಕಾರುಗಳಿಗೆ ಒಳವಾಲು ಬೇಕು, ತಿರುವಿನಲ್ಲಿ ಹೊರಗಿನ ಟೈರು ಪೂರ್ತಿಯಾಗಿ ನೆಲಕ್ಕೆ ಕೂರಲಿ ಎಂದು. ಆ ನೋಟವನ್ನು ಮಾತ್ರ ಎರವಲು ತಂದು ಎರೆಸೀಮೆಯ ರಸ್ತೆಯಲ್ಲಿ ಓಡಿಸುವುದು ವಿವೇಕವೆನಿಸದು. ಕಾನೂನಿನ ತೊಡಕೂ ಉಂಟು: 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕನ ಮೂಲ ವಿವರಗಳಿಗೆ ಭಿನ್ನವಾದ ಮಾರ್ಪಾಟನ್ನು ನಿರ್ಬಂಧಿಸುತ್ತದೆ; ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಅದನ್ನು ಎತ್ತಿಹಿಡಿದಿದೆ.

ನಮ್ಮ ವಿದ್ಯಾರ್ಥಿಗಳು ಕೈಗೊಳ್ಳಬೇಕಾದ ಕೆಲಸವೊಂದು ಉಳಿದಿದೆ. ಯಾಪಲದಿನ್ನಿಯ ಕಡೆಯಲ್ಲಿಯೂ ದೇವದುರ್ಗ ಮಾನ್ವಿಗಳಲ್ಲಿಯೂ ಹಟ್ಟಿಯ ಮೂಲೆಯಲ್ಲಿ ಒರಗಿಸಿಟ್ಟ ಹಳೆಯ ಮರದ ಗಾಲಿಗಳನ್ನು ಹುಡುಕಿ ಅಳೆಯಬೇಕು. ಇದಕ್ಕೆ ಯಂತ್ರ ಬೇಡ. ಒಂದು ನೂಲುಗುಂಡು, ಒಂದು ಅಳತೆಪಟ್ಟಿ ಸಾಕು. ಅರವತ್ತು ಸೆಂಟಿಮೀಟರು ಎತ್ತರದ ಗಾಲಿ ಒಂದು ಡಿಗ್ರಿ ವಾಲಿದರೆ ನೂಲಿನಿಂದ ಹತ್ತು ಮಿಲಿಮೀಟರಿಗಿಂತ ತುಸು ಹೆಚ್ಚು ಸರಿದಿರುತ್ತದೆ. ಬಂಡಿಯ ದೊಡ್ಡ ಗಾಲಿಯಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಗುಂಬದ ದಪ್ಪ, ಅರಗಳ ಸಂಖ್ಯೆ, ಅವು ನಿಂತ ಕೋನ, ಅಚ್ಚಿನ ತುದಿಯ ಬಾಗು, ಇವುಗಳೊಡನೆ ಒಂದೊಂದು ಭಾಗಕ್ಕೂ ಬಡಿಗರು ಬಳಸುವ ಹೆಸರನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕು. ಗಾಲಿ ಕೂಡಿಸಬಲ್ಲ ಮುದುಕರು ಇನ್ನೂ ಇರುವಾಗಲೇ ಈ ಕೆಲಸ ನಡೆಯಬೇಕು.