ಇಳಕಲ್ ಮೇಲಿನ ಗೆರೆ ಮತ್ತು ಲೈಸೆನ್ಸ್ ನಂಬರ್ 1

ಅಟ್ಲಾಸಿನಲ್ಲಿ ಸ್ಕೇಲಿನ ಒಂದು ತುದಿಯನ್ನು ಮುಂಬೈನ ಜುಹೂ ಮೇಲೆ, ಇನ್ನೊಂದನ್ನು ಬಳ್ಳಾರಿ ಮೇಲೆ ಇಟ್ಟು ಗೆರೆ ಎಳೆದು ನೋಡಿ. ಅದು ಕೃಷ್ಣೆಯನ್ನು ದಾಟಿ, ಬಾಗಲಕೋಟೆಯ ಪಕ್ಕದಲ್ಲೇ ಹಾದು, ಹುನಗುಂದವನ್ನು ಎಡಕ್ಕೆ ಬಿಟ್ಟು, ಹೆಚ್ಚುಕಡಿಮೆ ಇಳಕಲ್ಲಿನ ನೆತ್ತಿಯ ಮೇಲೇ ಹೋಗುತ್ತದೆ. ಬಾದಾಮಿ ಮಾತ್ರ ಬಲಕ್ಕೆ ಒಂದಿಷ್ಟು ದೂರ ಉಳಿಯುತ್ತದೆ.

ನಾನು ಈ ಗೆರೆ ಎಳೆದದ್ದು ಸುಮ್ಮನೆ ಅಲ್ಲ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಪುಸ್ ಮಾತ್ ಎಂಬ ಒಂಟಿ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬೈಗೆ ಟಪಾಲು ತಂದದ್ದು ನಿಮಗೆ ಗೊತ್ತಿರುತ್ತದೆ. ಅಲ್ಲಿಂದ ಮುಂದೆ ಬಳ್ಳಾರಿ ಮೇಲೆ ಮದ್ರಾಸಿಗೆ ಅದನ್ನು ಒಯ್ದವರು ನೆವಿಲ್ ವಿನ್ಸೆಂಟ್, ಹಿಂದೆ ಬ್ರಿಟಿಷ್ ವಾಯುಪಡೆಯಲ್ಲಿದ್ದವರು. (ಈ ಹೆಸರನ್ನು ಯಾರೂ ಹೇಳುವುದೇ ಇಲ್ಲ, ಬಳ್ಳಾರಿಯ ಹೆಸರನ್ನೂ ಅಷ್ಟೇ!) ರೇಡಿಯೋ ನೆರವಿಲ್ಲದ ಕಾಲ. ನಕ್ಷೆ, ದಿಕ್ಸೂಚಿ, ಕೆಳಗೆ ಕಾಣುವ ನದಿ, ರೈಲುಹಳಿ... ಇವೇ ದಾರಿ ಹೇಳಬೇಕು. ಆ ಲೆಕ್ಕದಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಸಾಲಾಗಿ ಸಿಗುವ ನಮ್ಮ ಸೀಮೆ ಪೈಲಟ್ಟಿಗೆ ಒಳ್ಳೆಯ ಗುರುತೇ.

ಜೆ.ಆರ್.ಡಿ.ಗೆ ಪೈಲಟ್ ಲೈಸೆನ್ಸ್ ಸಿಕ್ಕಿದ್ದು 1929ರ ಫೆಬ್ರುವರಿ 10ರಂದು, ಅದರ ನಂಬರ್ 1. ಎಲ್ಲರೂ ಇದನ್ನೇ ಬರೆಯುತ್ತಾರೆ. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ಅದೇ ಕರಾಚಿ-ಮುಂಬೈ ಹಾರಾಟವನ್ನು ಅವರು 1962ರಲ್ಲಿ ಮತ್ತೆ ಮಾಡಿದರು, 1982ರಲ್ಲಿ ಇನ್ನೊಮ್ಮೆ, ಲೆಪರ್ಡ್ ಮಾತ್ ವಿಮಾನದಲ್ಲಿ, 78ನೇ ವಯಸ್ಸಿನಲ್ಲಿ ಒಬ್ಬರೇ! ಒಂದನೇ ನಂಬರಿನ ಹಳೇ ಕಾಗದ ಗೋಡೆಗೆ ತೂಗುಹಾಕಿದ್ದರೆ ಆ ವಯಸ್ಸಿನಲ್ಲಿ ಯಾರೂ ವಿಮಾನ ಹತ್ತಲು ಬಿಡುವುದಿಲ್ಲ.

ಯಾಕೆಂದರೆ ಪೈಲಟ್ ಲೈಸೆನ್ಸ್ ನಮ್ಮ ಡಿಗ್ರಿ ಸರ್ಟಿಫಿಕೇಟಿನ ಹಾಗಲ್ಲ. ಲೈಸೆನ್ಸಿಗೆ ಒಂದು ಗಡುವು, ವೈದ್ಯಕೀಯ ಪ್ರಮಾಣಪತ್ರಕ್ಕೆ ಇನ್ನೊಂದು, ಇತ್ತೀಚೆಗೆ ಹಾರಿದ್ದೀರೋ ಇಲ್ಲವೋ ಎಂಬುದಕ್ಕೆ ಮತ್ತೊಂದು. ಅಮೆರಿಕದಲ್ಲಿ ವಾರಾಂತ್ಯಕ್ಕೆ ಸೆಸ್ನಾ ಬಾಡಿಗೆ ಹಿಡಿಯುವ ನಮ್ಮವರನ್ನು ಕೇಳಿ: 24 ತಿಂಗಳಿಗೊಮ್ಮೆ ಬೋಧಕರ ಮುಂದೆ ಹಾರಿ ತೋರಿಸಬೇಕು, ಹೆಂಡತಿ-ಮಕ್ಕಳನ್ನು ಕೂರಿಸಿಕೊಳ್ಳಬೇಕಾದರೆ ಹಿಂದಿನ 90 ದಿನದಲ್ಲಿ ಮೂರು ಸಲ ಏರಿ ಇಳಿದಿರಬೇಕು. ಯುರೋಪಿನಲ್ಲಿ ಒಂಟಿ ಎಂಜಿನ್ ರೇಟಿಂಗ್ ಎರಡು ವರ್ಷಕ್ಕೆ; ಪರೀಕ್ಷೆ ಬೇಡವೆಂದರೆ ಕೊನೆಯ ವರ್ಷದಲ್ಲಿ 12 ಗಂಟೆ ಹಾರಿರಬೇಕು. ನಮ್ಮಲ್ಲಿ 2023ರಲ್ಲಿ ಕಮರ್ಷಿಯಲ್ ಲೈಸೆನ್ಸಿನ ಅವಧಿಯನ್ನು 5ರಿಂದ 10 ವರ್ಷಕ್ಕೆ ಏರಿಸಿದರು. ಕಾಗದದ ಓಡಾಟ ಕಡಿಮೆಯಾಯಿತು, ಅಷ್ಟೇ. ವೈದ್ಯರ ತಪಾಸಣೆ, ಹಾರಾಟ ತಪ್ಪಲಿಲ್ಲ.

ಈ ಹಾರಾಟಕ್ಕೆ ರನ್‌ವೇ ಬೇಕಲ್ಲ! ಬಾಗಲಕೋಟೆ ಜಿಲ್ಲೆಯಲ್ಲಿ ವಿಮಾನ ನಿಲ್ದಾಣ ಇಲ್ಲ. ಹೊಲ, ಸೈಟು ಮಾರಿ ಮಗನನ್ನೋ ಮಗಳನ್ನೋ ಪೈಲಟ್ ಮಾಡಿದ ಮನೆಯವರು ಲೈಸೆನ್ಸ್ ಬಂದ ದಿನ ಪೇಢೆ ಹಂಚುತ್ತಾರೆ. ಕೆಲಸ ಸಿಗುವುದು ತಡವಾದರೆ ಅದನ್ನು ಜೀವಂತ ಇಡುವ ಖರ್ಚು ಆಮೇಲೆ ಶುರು. 2021ರಲ್ಲಿ ತರಬೇತಿ ಸಂಸ್ಥೆಗಳಿಗೆ ಜಾಗ ಕೊಡಲು ಆರಿಸಿದ ಐದು ನಿಲ್ದಾಣಗಳಲ್ಲಿ ಬೆಳಗಾವಿಯ ಸಾಂಬ್ರಾ, ಕಲಬುರಗಿ ಎರಡೂ ಇದ್ದವು. ಮೊದಲಾದರೆ ಬೆಂಗಳೂರಿನ ಜಕ್ಕೂರು ಎಂದೇ ಲೆಕ್ಕ. ಇಳಕಲ್ಲಿನ ಹುಡುಗಿಗೆ ಕಲಬುರಗಿಯೂ ಒಂದು ದಿನದ ಕೆಲಸವೇ, ಆದರೆ ಹೋಗಿ ಬರಬಹುದು.