‘ಹೆರ್‌ಗಾಟ್ಸ್‌ವಿಂಕೆಲ್’: ಒಂದು ಮೂಲೆಯ ಹೆಸರು

ದಕ್ಷಿಣ ಜರ್ಮನಿಯ ಬವೇರಿಯ ಪ್ರಾಂತ್ಯದಲ್ಲಾಗಲಿ, ನೆರೆಯ ಆಸ್ಟ್ರಿಯ ದೇಶದಲ್ಲಾಗಲಿ, ಹಳೆಯ ರೈತಮನೆಯೊಂದನ್ನು ನೀವು ಹೊಕ್ಕರೆ ಊಟದ ಮೇಜಿನ ಮೇಲ್ಗಡೆ, ಎರಡು ಗೋಡೆಗಳು ಕೂಡುವೆಡೆಯಲ್ಲಿ, ಮರದ ಶಿಲುಬೆಯನ್ನು ಕಾಣುವಿರಿ. ಅಲ್ಲಿನ ಕಥೋಲಿಕ ಕುಟುಂಬಗಳು ಆ ಮೂಲೆಯನ್ನು ‘ಹೆರ್‌ಗಾಟ್ಸ್‌ವಿಂಕೆಲ್’ ಎಂದು ಕರೆಯುತ್ತವೆ. ‘ವಿಂಕೆಲ್’ ಎಂದರೆ ಮೂಲೆ. ಅದರಲ್ಲಿ ಗೂಢವೇನೂ ಇಲ್ಲ. ವಿಚಾರಕ್ಕೆ ಎಡೆಮಾಡುವುದು ಪೂರ್ವಪದವಾದ ‘ಹೆರ್‌ಗಾಟ್’.

‘ಹೆರ್’ ಎಂದರೆ ಒಡೆಯ, ‘ಗಾಟ್’ ಎಂದರೆ ದೇವರು. ಮಧ್ಯಯುಗದ ಜರ್ಮನ್ ಭಾಷೆಯಲ್ಲಿ ಇವೆರಡೂ ಬಿಡಿಬಿಡಿ ಪದಗಳು. ಪ್ರಾರ್ಥಿಸುವವನು ‘ಒಡೆಯನೇ, ದೇವರೇ’ ಎಂದು ಮೊರೆಯಿಡುವ ಸಂಬೋಧನೆ. ಜನರ ನಾಲಗೆಯ ಮೇಲೆ ಸವೆದು ಸವೆದು ಅವು ಒಂದೇ ನಾಮಪದವಾಗಿ ಬೆಸೆದುಕೊಂಡವು. ಮೊರೆಯೇ ಹೆಸರಾಯಿತು.

ದಕ್ಷಿಣದ ಹಳ್ಳಿಗರು ಅಷ್ಟಕ್ಕೇ ನಿಲ್ಲಲಿಲ್ಲ. ಶಿಲುಬೆಯ ಮೇಲಿನ ಪ್ರಭುವಿನ ಮರದ ಪ್ರತಿಮೆಯನ್ನೂ ‘ಹೆರ್‌ಗಾಟ್’ ಎಂದೇ ಕರೆದರು. ಒಬರಮ್ಮೆರ್ಗೌ ಊರಿನಲ್ಲಿ ಇಂಥ ಪ್ರತಿಮೆಗಳನ್ನು ಕಡೆಯುವ ಬಡಗಿಗೆ ‘ಹೆರ್‌ಗಾಟ್‌ಶ್ನಿಟ್ಸರ್’, ಅಂದರೆ ದೇವರನ್ನು ಕೆತ್ತುವವನು, ಎಂಬ ಹೆಸರು. 1880ರಲ್ಲಿ ಮ್ಯೂನಿಕ್‌ನಲ್ಲಿ ರಂಗವೇರಿದ ಜನಪ್ರಿಯ ನಾಟಕವೊಂದರ ಶೀರ್ಷಿಕೆಯಲ್ಲಿಯೂ ಈ ಪದವಿದೆ. ಪಂಡಿತರು ಹುಬ್ಬು ಗಂಟಿಕ್ಕಬಹುದಾದ ಮಾತಿದು. ಆದರೂ ಶಿಲುಬೆಯಲ್ಲಿ ತೂಗಿದವನೇ ದೇವರೆಂಬ ವಿಶ್ವಾಸವನ್ನು ಇದಕ್ಕಿಂತ ನೇರವಾಗಿ ನುಡಿಯುವುದು ಹೇಗೆ?

ಮೂಲೆಯ ಆಯ್ಕೆಯೂ ಗಮನಾರ್ಹ. ಕೋಣೆಯ ಒಂದು ಕೋನದಲ್ಲಿ ಚಳಿಗೆ ಕಾಯಿಸುವ ಒಲೆ. ಅದಕ್ಕೆ ಓರೆಯಾಗಿ ಎದುರಿನ ಕೋನದಲ್ಲಿ ಶಿಲುಬೆ, ಎರಡೂ ಬದಿಗೆ ಕಿಟಕಿ, ಗೋಡೆಗುಂಟ ಬೆಂಚು. ಮನೆಯಲ್ಲಿ ಅತಿ ಹೆಚ್ಚು ಬೆಳಕು ಬೀಳುವ ತಾಣವದು. ಊಟಕ್ಕೆ ಮುನ್ನ ಎಲ್ಲರೂ ಅತ್ತ ತಿರುಗಿ ಜಪಿಸುವರು. ತಾಳೆ ಬೆಳೆಯದ ಆ ಶೀತಪ್ರದೇಶದಲ್ಲಿ ಗರಿಗಳ ಭಾನುವಾರದಂದು ಮೊಗ್ಗು ತುಂಬಿದ ವಿಲೋ ರೆಂಬೆಗಳನ್ನು ಮಂತ್ರಿಸಿಕೊಂಡು ಬಂದು ಶಿಲುಬೆಯ ಹಿಂದೆ ಸಿಕ್ಕಿಸುತ್ತಾರೆ. ಗುಡುಗು ಸಿಡಿಲಿನ ಹೊತ್ತಿನಲ್ಲಿ ಅದರದೊಂದು ಚೂರನ್ನು ಒಲೆಗೆ ಹಾಕುವ ರೂಢಿಯೂ ಇತ್ತು. ಭಕ್ತಿಯೋ ಭಯವೋ, ಬೇರ್ಪಡಿಸುವುದು ಕಷ್ಟ.

ಆ ಹೆಸರಿನ ತೂಕವನ್ನು ಅರಿಯದವರೂ ಇದ್ದರು. 1941ರ ಏಪ್ರಿಲ್‌ನಲ್ಲಿ ಬವೇರಿಯದ ನಾಜಿ ಸಚಿವ ಅಡಾಲ್ಫ್ ವಾಗ್ನರ್, ಶಾಲೆಗಳ ಗೋಡೆಯಿಂದ ಶಿಲುಬೆಗಳನ್ನು ಇಳಿಸುವಂತೆ ಆಜ್ಞೆ ಹೊರಡಿಸಿದನು. ಯುದ್ಧಕಾಲ, ಗಂಡಸರನೇಕರು ರಣರಂಗದಲ್ಲಿದ್ದರು. ಹಳ್ಳಿಹಳ್ಳಿಗಳಲ್ಲಿ ತಾಯಂದಿರೇ ಪ್ರತಿಭಟನೆಗೆ ಇಳಿದರು. ಆಗಸ್ಟ್ ತಿಂಗಳಿನಲ್ಲಿ ಆ ಆಜ್ಞೆಯನ್ನು ಹಿಂತೆಗೆದುಕೊಳ್ಳಬೇಕಾಯಿತು.