ಮೈಸೂರು ಸೀಮೆಯ ಭೂಮಾಪನ ಮತ್ತು ಲೋಲಕ: ಗುರುತ್ವ ಮಾಪನದ ಇತಿಹಾಸದ ಒಂದು ಅಧ್ಯಾಯ

ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯುವ ಪ್ರಯೋಗವು ಇಂದು ಕಾಲೇಜು ಪ್ರಯೋಗಾಲಯದ ಮೊದಲ ಪಾಠಗಳಲ್ಲಿ ಒಂದಾಗಿರುವುದರಿಂದ, ಅದು ಯುರೋಪಿನಲ್ಲಿ ರೂಪುಗೊಂಡು ಪಠ್ಯಪುಸ್ತಕಗಳ ಮೂಲಕವೇ ಕನ್ನಡ ನಾಡಿಗೆ ಬಂದಿತೆಂಬ ಎಣಿಕೆ ಸಹಜವಾಗಿಯೇ ಬೇರೂರಿದೆ. ಈ ಎಣಿಕೆ ಅರ್ಧದಷ್ಟು ಮಾತ್ರ ಸರಿ. 1799ರಲ್ಲಿ ಶ್ರೀರಂಗಪಟ್ಟಣ ಪತನಗೊಂಡ ಬೆನ್ನಿಗೇ ಮೈಸೂರು ಸೀಮೆಯಲ್ಲಿ ಆರಂಭವಾದ ಭೂಮಾಪನದಲ್ಲಿ ದುಡಿದ ಜಾನ್ ವಾರೆನ್ ಮತ್ತು ಹೆನ್ರಿ ಕೇಟರ್ ಎಂಬ ಇಬ್ಬರು ಸೇನಾಧಿಕಾರಿಗಳು ಮುಂದೆ ಲೋಲಕ ಮಾಪನಕ್ಕೆ ಕೈಹಾಕಿದರು. ಅವರಲ್ಲಿ ಒಬ್ಬನು ರೂಪಿಸಿದ ಬಗೆಯ ಲೋಲಕಗಳು ಆ ಭೂಮಾಪನದ ಸುಮಾರು ಅರವತ್ತು ವರ್ಷಗಳ ತರುವಾಯ ಬೆಂಗಳೂರಿಗೂ ಮಂಗಳೂರಿಗೂ ಬಂದು ಈ ನೆಲದ ಗುರುತ್ವವನ್ನು ಅಳೆದವು.

ತೆಳುವಾದ ದಾರದ ತುದಿಗೆ ಲೋಹದ ಸಣ್ಣ ಗುಂಡನ್ನು ಕಟ್ಟಿ ತೂಗುಬಿಟ್ಟ ಸಾಧನವೇ ಸರಳ ಲೋಲಕ. ಗುಂಡು ಒಂದು ಬದಿಯಿಂದ ಹೊರಟು ಇನ್ನೊಂದು ಬದಿಗೆ ಹೋಗಿ ಹೊರಟಲ್ಲಿಗೇ ಮರಳಲು ಹಿಡಿಯುವ ಕಾಲಕ್ಕೆ ಆಂದೋಲನಾವಧಿ ಎಂದು ಹೆಸರು. ತೂಗಾಟ ಕಿರಿದಾಗಿರುವವರೆಗೆ ಈ ಅವಧಿಯು ಗುಂಡಿನ ತೂಕಕ್ಕೆ ಒಳಪಡದೆ, ತೂಗುಬಿಂದುವಿನಿಂದ ಗುಂಡಿನ ನಡುವಿನವರೆಗಿನ ಉದ್ದ ಮತ್ತು ಆ ಸ್ಥಳದ ಗುರುತ್ವ ವೇಗೋತ್ಕರ್ಷ, ಅಂದರೆ ಬೀಳುವ ವಸ್ತುವಿನ ವೇಗ ಸೆಕೆಂಡಿಗೆ ಎಷ್ಟರಂತೆ ಹೆಚ್ಚುತ್ತದೆಂಬ ಪ್ರಮಾಣ, ಇವೆರಡಕ್ಕೆ ಮಾತ್ರ ಒಳಪಟ್ಟಿರುತ್ತದೆ. ಪೈಯ ವರ್ಗದ ನಾಲ್ಕರಷ್ಟನ್ನು ಉದ್ದದಿಂದ ಗುಣಿಸಿ, ಅವಧಿಯ ವರ್ಗದಿಂದ ಭಾಗಿಸಿದರೆ ಆ ಪ್ರಮಾಣ ದೊರೆಯುತ್ತದೆ. ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಯಾಗಿ ಒಂದು ಸೆಕೆಂಡಿನಲ್ಲಿ ಚಲಿಸುವ ಲೋಲಕವನ್ನು ಸೆಕೆಂಡು ಲೋಲಕವೆನ್ನುತ್ತಾರೆ. ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳ ವಿಜ್ಞಾನಿಗಳು ಗುರುತ್ವವನ್ನು ಹೇಳುತ್ತಿದ್ದುದು ಹೆಚ್ಚಾಗಿ ಈ ಲೋಲಕದ ಉದ್ದದ ಮೂಲಕವೇ.

ಈ ಉದ್ದ ಎಲ್ಲ ಊರುಗಳಲ್ಲಿಯೂ ಒಂದೇ ಅಲ್ಲ. ಲಂಡನ್ನಿನಲ್ಲಿ ಅದು ಸುಮಾರು 99.4 ಸೆಂಟಿಮೀಟರ್ ಆದರೆ, ಹನ್ನೆರಡೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಸಮುದ್ರಮಟ್ಟದಿಂದ ಏಳೆಂಟುನೂರು ಮೀಟರ್ ಎತ್ತರದಲ್ಲಿರುವ ಪಾಂಡವಪುರ ತಾಲ್ಲೂಕಿನ ಚಿನಕುರಳಿಯ ಆಸುಪಾಸಿನಲ್ಲಿ 99.1 ಸೆಂಟಿಮೀಟರಿನಷ್ಟು. ವ್ಯತ್ಯಾಸ ಮೂರು ಮಿಲಿಮೀಟರ್ ಮಾತ್ರವಾದರೂ, ಲಂಡನ್ನಿನಲ್ಲಿ ಸರಿಹೊಂದಿಸಿದ ಲೋಲಕದ ಗಡಿಯಾರವೊಂದನ್ನು ಇಲ್ಲಿ ತಂದು ನಿಲ್ಲಿಸಿದರೆ ಅದು ದಿನಕ್ಕೆ ಎರಡು ನಿಮಿಷಕ್ಕೂ ಹೆಚ್ಚು ಹಿಂದೆ ಬೀಳುತ್ತದೆ. ಫ್ರೆಂಚ್ ಖಗೋಳಜ್ಞ ಜ್ಯಾನ್ ರಿಷೇ 1672ರಲ್ಲಿ ಸಮಭಾಜಕದ ಸಮೀಪದ ಕಯೆನ್‌ಗೆ ಹೋದಾಗ ಗಮನಿಸಿದ್ದೂ ಇದನ್ನೇ. ಪಠ್ಯಪುಸ್ತಕದ 9.8 ಅಥವಾ 9.81ರ ಬದಲು 9.78 ಎಂಬ ಉತ್ತರ ಬಂದ ಮಂಡ್ಯ ಜಿಲ್ಲೆಯ ವಿದ್ಯಾರ್ಥಿಯ ದಾಖಲೆ ಪುಸ್ತಕದಲ್ಲಿ ಅದನ್ನು ದೋಷವೆಂದು ಗುರುತಿಸುವ ರೂಢಿ ಎಲ್ಲಿದ್ದರೂ ಅದು ತಪ್ಪು. ನೂರು ಆಂದೋಲನಗಳನ್ನು ಎಚ್ಚರದಿಂದ ಎಣಿಸಿದವರಿಗೆ ಬರಬೇಕಾದ ಉತ್ತರ ಅದೇ.

ಭೂಮಾಪಕರಿಗೆ ಲೋಲಕದಲ್ಲಿ ಆಸಕ್ತಿ ಹುಟ್ಟಿದ್ದು ಭೂಮಿಯ ಆಕಾರದ ಪ್ರಶ್ನೆಯಿಂದ. ಸಮಭಾಜಕದಿಂದ ಧ್ರುವದ ಕಡೆಗೆ ಗುರುತ್ವ ಹೆಚ್ಚುತ್ತ ಹೋಗುವ ಬಗೆಯಿಂದಲೇ ಭೂಮಿ ಎಷ್ಟು ಚಪ್ಪಟೆಯಾಗಿದೆಯೆಂದು ಲೆಕ್ಕ ಹಾಕಬಹುದೆಂದು ಫ್ರೆಂಚ್ ಗಣಿತಜ್ಞ ಕ್ಲೆರೋ 1743ರಲ್ಲಿ ತೋರಿಸಿದ್ದನು. ಅದೇ ಪ್ರಶ್ನೆಗೆ ನೆಲದ ಮೇಲಿನ ಅಳತೆಯಿಂದ ಉತ್ತರ ಹುಡುಕಿದವನು ವಿಲಿಯಂ ಲ್ಯಾಂಬ್ಟನ್. ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಭಾಗವಹಿಸಿದ್ದ ಈತನು 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯನ್ನು, ಅಂದರೆ ಮುಂದಿನ ಎಲ್ಲ ತ್ರಿಕೋನಗಳ ಲೆಕ್ಕಕ್ಕೆ ತಳಹದಿಯಾಗುವ ರೇಖೆಯನ್ನು, ಸರಪಳಿಯಿಂದ ಅಳೆದನು. 1771ರಲ್ಲಿ ಹೈದರಾಲಿ ಮರಾಠರ ಎದುರು ಸೋತ ಚಿನಕುರಳಿಯಾಗಲಿ, ಆಂಗ್ಲರು ಫ್ರೆಂಚ್ ರಾಕ್ಸ್ ಎಂದು ಕರೆಯುತ್ತಿದ್ದ ಪಾಂಡವಪುರವಾಗಲಿ ಸೇನೆಗಳು ತುಳಿದ ನೆಲ. ಈಗ ಅದೇ ಸೀಮೆಗೆ ಸರಪಳಿಯೂ ಕೋನಮಾಪಕವೂ ಬಂದವು. ಆಡಳಿತಕ್ಕೆ ಬೇಕಾದ ನಕ್ಷೆಯ ಜೊತೆಜೊತೆಗೆ ಭೂಮಿಯ ಆಕಾರದ ಶೋಧವೂ ನಡೆಯಿತೆಂಬುದು ಈ ಭೂಮಾಪನದ ವಿಶೇಷ.

ಮೈಸೂರಿನ ಪೂರ್ವ ಗಡಿಯ ಅಳತೆಯಲ್ಲಿದ್ದಾಗ 1802ರಲ್ಲಿ ಕೋಲಾರದ ಚಿನ್ನದ ಬಗ್ಗೆ ವಿಚಾರಿಸಿ ವರದಿ ಮಾಡಿದವನೆಂದೇ ವಾರೆನ್ ಕರ್ನಾಟಕದಲ್ಲಿ ನೆನಪಿನಲ್ಲಿ ಉಳಿದಿದ್ದಾನೆ. ಆದರೆ 1805ರಿಂದ ಮದರಾಸು ವೀಕ್ಷಣಾಲಯದ ಹೊಣೆ ಹೊತ್ತಿದ್ದ ಅವನು 1809ರಲ್ಲಿ ಅಲ್ಲಿ ಸೆಕೆಂಡು ಲೋಲಕದ ಉದ್ದವನ್ನು ಅಳೆದು, ಅದು 39.02 ಇಂಚಿಗೆ ಸಮೀಪವೆಂದು ಕಂಡುಕೊಂಡದ್ದು ಚಿನ್ನದ ಸುದ್ದಿಗಿಂತ ಕಡಿಮೆಯ ಸಾಧನೆಯಲ್ಲ. ಕೇಟರನ ಪರಿಯೇ ಬೇರೆ. ಲ್ಯಾಂಬ್ಟನ್ನನ ಸಹಾಯಕನಾಗಿ ಮೈಸೂರಿನಲ್ಲಿ ಅಲೆದಾಡುತ್ತಿದ್ದಾಗ ಅವನ ಕಣ್ಣಿಗೆ ಬಿದ್ದದ್ದು ಊಬಿನ ಹುಲ್ಲು. ಬೇಲಿ ದಾಟುವವರ ಪಂಚೆಗೂ ಸೀರೆಯ ಅಂಚಿಗೂ ಚುಚ್ಚಿಕೊಳ್ಳುವ ಆ ಹುಲ್ಲಿನ ಊಬು ಒಣಗಿದಾಗ ಹುರಿಗೊಂಡು, ತೇವ ತಾಗಿದೊಡನೆ ಹುರಿ ಬಿಚ್ಚಿ ತಿರುಗುತ್ತದೆ. ಕೇಟರ್ ಅದಕ್ಕೊಂದು ಸೂಚಿಯನ್ನು ಜೋಡಿಸಿ ಗಾಳಿಯ ತೇವವನ್ನು ಅಳೆಯುವ ಸೂಕ್ಷ್ಮ ಸಾಧನವನ್ನು ಮಾಡಿ, ಹುಲ್ಲಿನ ಕನ್ನಡ ಹೆಸರಿನೊಡನೆಯೇ ಅದರ ವಿವರಣೆಯನ್ನು ಪ್ರಕಟಿಸಿದನು.

ಆರೋಗ್ಯ ಕೆಟ್ಟು ಇಂಗ್ಲೆಂಡಿಗೆ ಮರಳಿದ ಕೇಟರ್ 1817ರಲ್ಲಿ ರೂಪಿಸಿದ ತಿರುಗುಮುರುಗಾಗಿ ತೂಗಬಲ್ಲ ಲೋಲಕವು ಮಾಪನದ ಹಳೆಯ ತೊಡಕೊಂದನ್ನು ಬಗೆಹರಿಸಿತು. ದಾರಕ್ಕೂ ತೂಕವಿರುತ್ತದೆ, ಗುಂಡು ಬಿಂದುವಲ್ಲ. ಆದ್ದರಿಂದ ನಿಜವಾದ ಉದ್ದ ಯಾವುದೆಂಬುದೇ ಸಂದೇಹ. ಕೇಟರ್ ಒಂದು ಲೋಹದ ಪಟ್ಟಿಗೆ ಎರಡು ಕಡೆ ಚೂಪಾದ ಅಲಗುಗಳನ್ನು ಅಳವಡಿಸಿ, ಯಾವ ಅಲಗಿನ ಮೇಲೆ ತೂಗಿದರೂ ಅವಧಿ ಒಂದೇ ಆಗುವಂತೆ ಜಾರುವ ತೂಕವನ್ನು ಸರಿಪಡಿಸಿದನು. ಆಗ ಅಲಗುಗಳ ನಡುವಿನ ಅಂತರವೇ ಸರಳ ಲೋಲಕದ ಉದ್ದಕ್ಕೆ ಸಮನಾಗುತ್ತದೆ, ಆ ಅಂತರವನ್ನು ಸೂಕ್ಷ್ಮದರ್ಶಕದಿಂದ ಅಳೆಯಬಹುದು. ಅವನೇ ರೂಪಿಸಿದ ಇನ್ನೊಂದು ಬಗೆಯು ಒಂದೇ ಅಲಗಿನ ಅವಿಕಾರಿ ಲೋಲಕ: ಉದ್ದವನ್ನು ಬದಲಿಸಲಾಗದ ಒಂದೇ ಲೋಲಕವನ್ನು ಊರಿಂದೂರಿಗೆ ಒಯ್ದು, ದಿನಕ್ಕೆ ಅದು ಎಷ್ಟು ಸಲ ತೂಗುತ್ತದೆಂಬುದನ್ನು ಹೋಲಿಸುವುದು ಇದರ ಕ್ರಮ.

ರಾಯಲ್ ಸೊಸೈಟಿಯಿಂದ ಎರವಲು ಬಂದ ಇಂಥ ಎರಡು ಹಿತ್ತಾಳೆಯ ಲೋಲಕಗಳೊಡನೆ ಕ್ಯಾಪ್ಟನ್ ಜೇಮ್ಸ್ ಪಲ್ಲಾಡಿಯೊ ಬಸೆವಿ 1865ರಿಂದ ಭಾರತದ ಉದ್ದಗಲ ಸಂಚರಿಸಿದನು. ಗಾಳಿಯ ಅಡ್ಡಿ ತಪ್ಪಿಸಲು ಲೋಲಕವನ್ನು ಗಾಳಿ ತೆಗೆದ ಕೊಳವೆಯೊಳಗೆ ಅಗೇಟ್ ಕಲ್ಲಿನ ಹಲಗೆಯ ಮೇಲೆ ತೂಗಿಸಿ, ಅದರ ಹಿಂದೆ ಒಂದು ಗಡಿಯಾರವನ್ನು ನಿಲ್ಲಿಸಲಾಗುತ್ತಿತ್ತು. ಗಡಿಯಾರದ ಲೋಲಕಕ್ಕೆ ಅಂಟಿಸಿದ ಬಿಳಿಯ ಬಿಲ್ಲೆಯನ್ನು ದೂರದರ್ಶಕದಿಂದ ನೋಡುತ್ತಿದ್ದಂತೆ, ಎರಡೂ ಲೋಲಕಗಳು ಒಟ್ಟಿಗೆ ನಡುಗೆರೆಯನ್ನು ದಾಟಿದ ಕ್ಷಣದಲ್ಲಿ ಬಿಲ್ಲೆ ಪೂರ್ತಿ ಮರೆಯಾಗುತ್ತದೆ. ಇಂಥ ಎರಡು ಮರೆಯಾಗುವಿಕೆಗಳ ನಡುವಿನ ಸೆಕೆಂಡುಗಳನ್ನು ಎಣಿಸಿದರೆ ಸಾಕು, ಲೋಲಕದ ಅವಧಿ ಗಡಿಯಾರಕ್ಕಿಂತ ಎಷ್ಟು ಭಿನ್ನವೆಂಬುದು ಸೆಕೆಂಡಿನ ಅತಿ ಸಣ್ಣ ಅಂಶದವರೆಗೆ ತಿಳಿಯುತ್ತದೆ. ಗಡಿಯಾರವನ್ನು ರಾತ್ರಿ ನಕ್ಷತ್ರಗಳನ್ನು ನೋಡಿ ತಾಳೆ ನೋಡುತ್ತಿದ್ದರು. ಉಷ್ಣಾಂಶಕ್ಕೂ ತೂಗಾಟದ ಅಗಲಕ್ಕೂ ತಿದ್ದುಪಡಿ ಬೇರೆ.

ಬಸೆವಿ 1871ರ ಜುಲೈ 17ರಂದು ಲಡಾಖಿನ ಎತ್ತರದ ಚಳಿಯಲ್ಲಿ, ಕೆಲಸದ ನಡುವೆಯೇ ತೀರಿಕೊಂಡನು. ಉಳಿದದ್ದನ್ನು ಕ್ಯಾಪ್ಟನ್ ಹೆವಿಸೈಡ್ ಮುಗಿಸಿದನು. ಅವರ ಅಂಕಿಗಳು ತೋರಿಸಿದ್ದು ಯಾರೂ ಸುಲಭವಾಗಿ ಒಪ್ಪುವಂಥದ್ದಾಗಿರಲಿಲ್ಲ. ಎತ್ತರದ ನೆಲದಡಿ ಕಲ್ಲುಮಣ್ಣಿನ ರಾಶಿ ಹೆಚ್ಚಿರುವುದರಿಂದ ಎತ್ತರಕ್ಕೆ ತಿದ್ದುಪಡಿ ಮಾಡಿದ ಮೇಲೆ ಅಲ್ಲಿ ಗುರುತ್ವವೂ ಅಷ್ಟಕ್ಕೆ ತಕ್ಕಂತೆ ಹೆಚ್ಚಬೇಕು; ಆದರೆ ಒಳನಾಡಿನಲ್ಲಿ, ಅದರಲ್ಲೂ ಹಿಮಾಲಯದ ಕಡೆಗೆ, ಅದು ಲೆಕ್ಕಕ್ಕಿಂತ ಕಡಿಮೆಯಿತ್ತು, ಕಡಲತೀರದಲ್ಲಿಯೂ ಮಿನಿಕಾಯ್ ದ್ವೀಪದಲ್ಲಿಯೂ ಹೆಚ್ಚಿತ್ತು. ಎತ್ತರದ ನೆಲದ ಅಡಿಯಲ್ಲಿ ಹಗುರವಾದ ದ್ರವ್ಯವಿದ್ದು ಮೇಲಿನ ಭಾರವನ್ನು ಸರಿದೂಗಿಸುತ್ತದೆಂದು ಕಲ್ಕತ್ತೆಯ ಪಾದ್ರಿ ಹಾಗೂ ಗಣಿತಜ್ಞ ಪ್ರ್ಯಾಟ್ ಮತ್ತು ಇಂಗ್ಲೆಂಡಿನ ಖಗೋಳಜ್ಞ ಏರಿ 1850ರ ದಶಕದಲ್ಲಿ ಬೇರೆಬೇರೆ ರೀತಿಯಲ್ಲಿ ಊಹಿಸಿದ್ದರು. ಆ ಊಹೆಗೆ ತೂಗುವ ಹಿತ್ತಾಳೆಯಿಂದ ಬಲವಾದ ಸಾಕ್ಷ್ಯ ದೊರೆಯಿತು. ಇಂದಿನ ಸೂಕ್ಷ್ಮ ಗುರುತ್ವಮಾಪಕಗಳೂ ಮೈಸೂರು ಪ್ರಸ್ಥಭೂಮಿಯಲ್ಲಿ ಅದೇ ಬಗೆಯ ಕೊರತೆಯನ್ನು ತೋರಿಸುತ್ತವೆ: ಎತ್ತರಕ್ಕೂ ಮೇಲಿನ ಬಂಡೆಗೂ ತಿದ್ದುಪಡಿ ಮಾಡಿದ ಮೇಲೂ ಇಲ್ಲಿಯ ಗುರುತ್ವ ಲೆಕ್ಕದ ಮೊತ್ತಕ್ಕಿಂತ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು ಕಡಿಮೆ.